ಹೊರೆಯುಳ್ಳ ಎಲೆ: ಕಾರ್ಡಾಟದ ರಚನೆಯಲ್ಲಿ ಕುಂದಿನ ಸ್ಥಾನ

ಆಟವೆಂಬುದು ಮೇಲ್ನೋಟಕ್ಕೆ ಕಾಲಕ್ಷೇಪದ ಸಾಧನವಾಗಿ ತೋರಿದರೂ, ಮನುಷ್ಯನ ಬುದ್ಧಿಯೂ ಮನಸ್ಸೂ ಯಾವ ರೀತಿಯಲ್ಲಿ ವರ್ತಿಸುತ್ತವೆ ಎಂಬುದನ್ನು ತೋರಿಸಿಕೊಡುವ ಗುಣ ಅದರ ಒಡಲಲ್ಲಿದೆ. ಗೆಲುವಿಗಾಗಿ ಏನನ್ನು ತೆರಬೇಕು, ಎಷ್ಟನ್ನು ತೆರಬೇಕು, ಯಾವಾಗ ತೆರಬೇಕು ಎಂಬ ಮೂರು ಪ್ರಶ್ನೆಗಳಿಲ್ಲದ ಆಟದಲ್ಲಿ ಸ್ವಾರಸ್ಯವಿರುವುದಿಲ್ಲ. ಚದುರಂಗದಲ್ಲಿ ಕುದುರೆಯನ್ನು ಬಿಟ್ಟುಕೊಟ್ಟು ಎದುರಾಳಿಯ ರಾಜನನ್ನು ಕಟ್ಟಿಹಾಕುವ ಆಟಗಾರನು ಈ ಪ್ರಶ್ನೆಗಳಿಗೇ ಉತ್ತರ ಕೊಡುತ್ತಿರುತ್ತಾನೆ. ಆದರೆ ಅಲ್ಲಿ ತ್ಯಾಗದ ದಾರಿಯನ್ನು ಆಟಗಾರನು ತಾನೇ ಹುಡುಕಿಕೊಳ್ಳುತ್ತಾನೆ. ಕಾಯಿಯ ಮೇಲೆ ಅದನ್ನು ಬರೆದಿರುವುದಿಲ್ಲ. ನಷ್ಟವನ್ನು ಎಲೆಯ ಮೇಲೆಯೇ ಅಚ್ಚುಹಾಕಿ, ‘ಇದನ್ನು ಬಳಸುವುದಾದರೆ ಈ ಹೊರೆಯನ್ನೂ ಹೊರಬೇಕು’ ಎಂದು ಆಟಗಾರನ ಮುಂದಿಡುವ ಆಟವೊಂದು ೧೯೯೩ರಲ್ಲಿ ಅಮೆರಿಕದಲ್ಲಿ ಜನ್ಮತಾಳಿತು. ಅದೇ ‘ಮ್ಯಾಜಿಕ್: ದ ಗ್ಯಾದರಿಂಗ್’. ಟ್ರೇಡಿಂಗ್ ಕಾರ್ಡ್ ಆಟವೆಂಬ ಪ್ರಕಾರಕ್ಕೆ ನಾಂದಿ ಹಾಡಿದ ಆಟವಿದು.

ಈ ಆಟದ ಎಲೆಗಳಲ್ಲಿ ಕುಂದುಗಳನ್ನು ಏಕೆ ಇಡುತ್ತಾರೆ, ಒಂದೇ ಕುಂದು ಬೇರೆ ಬೇರೆ ಆಟಗಾರರಿಗೆ ಬೇರೆ ಬೇರೆಯಾಗಿ ಕಾಣುವುದೇಕೆ, ಅದನ್ನು ರೂಪಿಸುವವರ ಕಷ್ಟವೇನು ಎಂಬ ವಿಚಾರಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ. ನಿಯಮಗಳನ್ನು ಮಾಡುವವರಿಗೂ, ನಿಯಮಗಳಿಗೆ ಒಳಪಡುವವರಿಗೂ ಇದರಲ್ಲಿ ತಿಳಿದುಕೊಳ್ಳತಕ್ಕ ಅಂಶಗಳಿವೆ.

ಆಟದ ಸ್ವರೂಪ

ಈ ಆಟವನ್ನು ರಚಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದು, ವಾಷಿಂಗ್ಟನ್ ರಾಜ್ಯದ ವಿಟ್ಮನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಎಂಬ ಸಂಸ್ಥೆಯು ೧೯೯೩ರ ಆಗಸ್ಟ್ ತಿಂಗಳಿನಲ್ಲಿ ಈ ಆಟವನ್ನು ಹೊರತಂದಿತು. ಮೊದಲ ಆವೃತ್ತಿಯಲ್ಲಿ ೨೯೫ ಬಗೆಯ ಎಲೆಗಳಿದ್ದವು. ಇಂದು ಅವುಗಳ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರಿದೆ.

ಇಸ್ಪೀಟಿನಲ್ಲಿ ಐವತ್ತೆರಡು ಎಲೆಗಳ ಒಂದೇ ಕಟ್ಟನ್ನು ಎಲ್ಲರೂ ಹಂಚಿಕೊಂಡು ಆಡುತ್ತಾರೆ. ಇಲ್ಲಿ ಹಾಗಲ್ಲ. ಪ್ರತಿಯೊಬ್ಬ ಆಟಗಾರನೂ ತನಗೆ ಬೇಕಾದ ಎಲೆಗಳನ್ನು ಕೊಂಡು, ಗೆಳೆಯರೊಡನೆ ವಿನಿಮಯ ಮಾಡಿಕೊಂಡು, ತನ್ನದೇ ಆದ ಕಟ್ಟನ್ನು ಸಿದ್ಧಪಡಿಸಿಕೊಂಡು ಬರುತ್ತಾನೆ. ಸ್ಪರ್ಧೆಗಳ ಸಾಮಾನ್ಯ ನಿಯಮದಂತೆ ಕಟ್ಟಿನಲ್ಲಿ ಕನಿಷ್ಠ ೬೦ ಎಲೆಗಳಿರಬೇಕು. ಮೂಲ ಭೂಮಿಯ ಎಲೆಗಳನ್ನುಳಿದು, ಒಂದೇ ಎಲೆಯ ನಾಲ್ಕಕ್ಕಿಂತ ಹೆಚ್ಚು ಪ್ರತಿಗಳಿರಕೂಡದು. ಆಟದ ಆರಂಭದಲ್ಲಿ ಒಬ್ಬೊಬ್ಬರ ಕೈಯಲ್ಲಿ ಏಳು ಎಲೆಗಳು, ಒಬ್ಬೊಬ್ಬರಿಗೂ ೨೦ ಪ್ರಾಣಾಂಕಗಳು. ಎದುರಾಳಿಯ ಪ್ರಾಣಾಂಕವನ್ನು ಸೊನ್ನೆಗಿಳಿಸಿದವನು ಗೆಲ್ಲುತ್ತಾನೆ. ಕಟ್ಟು ಬರಿದಾದ ಮೇಲೆ ಎಲೆ ಎಳೆಯಬೇಕಾದ ಸರದಿ ಬಂದವನು ಸೋಲುತ್ತಾನೆ.

ಪ್ರತಿ ಸರದಿಗೆ ಒಂದು ಎಲೆಯನ್ನು ಎಳೆಯುವುದು, ಒಂದು ‘ಭೂಮಿ’ಯನ್ನು ನೆಲಕ್ಕಿಳಿಸುವುದು ಕ್ರಮ. ಭೂಮಿಯಿಂದ ‘ಮಾನಾ’ ಎಂಬ ಶಕ್ತಿ ದೊರೆಯುತ್ತದೆ. ಆ ಶಕ್ತಿಯನ್ನು ವ್ಯಯಿಸಿ ಉಳಿದ ಎಲೆಗಳನ್ನು ಪ್ರಯೋಗಿಸಬೇಕು. ಕೆಲವು ಎಲೆಗಳು ಮಂತ್ರಗಳು, ಕೆಲವು ಹೋರಾಡುವ ಜೀವಿಗಳು. ಜೀವಿಯ ಎಲೆಯ ಮೂಲೆಯಲ್ಲಿ ಎರಡು ಅಂಕೆಗಳಿರುತ್ತವೆ: ಮೊದಲನೆಯದು ಅದರ ಹೊಡೆತದ ಬಲ, ಎರಡನೆಯದು ಅದರ ತಾಳಿಕೆ. ಒಂದೊಂದು ಎಲೆಗೂ ಶಕ್ತಿಯ ರೂಪದಲ್ಲಿ ಒಂದೊಂದು ಬೆಲೆ. ದಿನಕ್ಕೆ ಒಂದೇ ಭೂಮಿ ಸೇರುವಂತೆ, ಸರದಿಯಿಂದ ಸರದಿಗೆ ಶಕ್ತಿ ಮೆಲ್ಲಮೆಲ್ಲನೆ ಬೆಳೆಯುವುದರಿಂದ, ಅಗ್ಗದ ಎಲೆಯು ಬೇಗ ಬರುತ್ತದೆ, ತುಟ್ಟಿಯ ಎಲೆಯು ತಡವಾಗಿ ಬರುತ್ತದೆ. ಆಟದ ಅರ್ಥಶಾಸ್ತ್ರವೆಲ್ಲ ಇಷ್ಟೇ.

ಕುಂದು ಏಕೆ ಬೇಕು?

ಬೆಲೆಯೊಂದೇ ಸಾಲದೆ? ಬಲವಾದ ಎಲೆಗೆ ಹೆಚ್ಚು ಬೆಲೆಯನ್ನೂ ದುರ್ಬಲವಾದುದಕ್ಕೆ ಕಡಿಮೆ ಬೆಲೆಯನ್ನೂ ಕಟ್ಟಿಬಿಟ್ಟರೆ ಸಮತೋಲ ಸಿದ್ಧಿಸದೆ? ಮೇಲ್ನೋಟಕ್ಕೆ ಈ ಪ್ರಶ್ನೆ ಸಹಜವೇ. ಆದರೆ ಬೆಲೆಯೊಂದನ್ನೇ ನಂಬಿದ ಆಟದಲ್ಲಿ ಎಲೆಗಳೆಲ್ಲವೂ ಒಂದೇ ತಕ್ಕಡಿಯ ತೂಕದ ಕಲ್ಲುಗಳಂತಾಗುತ್ತವೆ. ಚಿಕ್ಕದು, ದೊಡ್ಡದು ಎಂಬ ವ್ಯತ್ಯಾಸವಷ್ಟೇ ಉಳಿಯುತ್ತದೆ. ಆದುದರಿಂದ ಗಾರ್ಫೀಲ್ಡರು ಮೊದಲ ಆವೃತ್ತಿಯಲ್ಲಿಯೇ ಕೆಲವು ಎಲೆಗಳಿಗೆ ಹೊರೆಯನ್ನು ಕಟ್ಟಿದರು.

‘ಲಾರ್ಡ್ ಆಫ್ ದ ಪಿಟ್’, ಎಂದರೆ ಪಾತಾಳದ ಒಡೆಯ, ಎಂಬ ಎಲೆ ಇದಕ್ಕೆ ಉತ್ತಮ ನಿದರ್ಶನ. ಏಳು ಶಕ್ತಿಯ ಬೆಲೆಗೆ ಏಳು ಬಲ, ಏಳು ತಾಳಿಕೆಯುಳ್ಳ, ಹಾರಬಲ್ಲ ರಾಕ್ಷಸ ದೊರೆಯುತ್ತಾನೆ. ಆದರೆ ಪ್ರತಿ ಸರದಿಯಲ್ಲೂ ಒಡೆಯನಾದ ಆಟಗಾರನು ತನ್ನ ಬೇರೊಂದು ಜೀವಿಯನ್ನು ಅವನಿಗೆ ಬಲಿಕೊಡಬೇಕು. ಕೊಡಲು ಇಲ್ಲವಾದರೆ ರಾಕ್ಷಸನು ತನ್ನನ್ನು ಕರೆದವನಿಗೇ ಏಳು ಅಂಕಗಳ ಪೆಟ್ಟು ಕೊಡುತ್ತಾನೆ. ಅದೇ ಆವೃತ್ತಿಯ ‘ಫೋರ್ಸ್ ಆಫ್ ನೇಚರ್’ ಎಂಬುದಕ್ಕೆ ಎಂಟು ಬಲ, ಎಂಟು ತಾಳಿಕೆ; ಪ್ರತಿ ಸರದಿಯಲ್ಲೂ ನಾಲ್ಕು ಹಸಿರು ಶಕ್ತಿಯನ್ನು ಅದಕ್ಕೆ ಸಲ್ಲಿಸದಿದ್ದರೆ ಎಂಟು ಅಂಕಗಳ ದಂಡ.

ಇಲ್ಲಿ ಕುಂದು ಮೂರು ಕೆಲಸಗಳನ್ನು ಏಕಕಾಲಕ್ಕೆ ಮಾಡುತ್ತದೆ. ಮೊದಲನೆಯದಾಗಿ, ಅತಿಬಲವನ್ನು ಅಂಕೆಯಲ್ಲಿಡುತ್ತದೆ. ಎರಡನೆಯದಾಗಿ, ಎಲೆಗೆ ಒಂದು ಸ್ವಭಾವವನ್ನು ಕೊಡುತ್ತದೆ. ರಾಕ್ಷಸನು ರಾಕ್ಷಸನಂತೆಯೇ ನಡೆದುಕೊಳ್ಳುತ್ತಾನೆ. ಮೂರನೆಯದಾಗಿ, ಆಟಗಾರನಿಗೆ ಒಂದು ಸಮಸ್ಯೆಯನ್ನು ಒಡ್ಡುತ್ತದೆ: ಈ ಹೊರೆಯನ್ನು ಹೊರುವಂತಹ ಕಟ್ಟನ್ನು ಹೇಗೆ ರಚಿಸಬೇಕು? ಬಲಿಗೆಂದೇ ಅಗ್ಗದ ಜೀವಿಗಳನ್ನು ತುಂಬಿಕೊಳ್ಳಬೇಕೆ? ಕೊನೆಯ ಎರಡು ಸರದಿಗಳಿಗೆ ಮಾತ್ರ ರಾಕ್ಷಸನನ್ನು ಕರೆಯಬೇಕೆ?

ಕುಂದಿನ ತೂಕವನ್ನು ಅಳೆಯುವ ಬಗೆಯನ್ನು ೧೯೯೩ರ ಕೊನೆಯಲ್ಲಿ ಬಂದ ‘ಜುಝಾಮ್ ಜಿನ್’ ಎಂಬ ಎಲೆಯಿಂದ ಅರಿಯಬಹುದು. ನಾಲ್ಕು ಶಕ್ತಿಗೆ ಐದು ಬಲ, ಐದು ತಾಳಿಕೆ. ಪ್ರತಿ ಸರದಿಯಲ್ಲೂ ಒಡೆಯನಿಗೆ ಒಂದು ಅಂಕದ ಪೆಟ್ಟು. ಆ ಕಾಲದಲ್ಲಿ ಅದೇ ಬೆಲೆಗೆ ದೊರೆಯುತ್ತಿದ್ದ ‘ಹಿಲ್ ಜಯಂಟ್’ ಎಂಬ ಸಾಮಾನ್ಯ ಜೀವಿಗೆ ಮೂರು ಬಲ, ಮೂರು ತಾಳಿಕೆ. ಯಾರೂ ಅಡ್ಡ ಬಾರದಿದ್ದರೆ ಮೂರು ಬಲದ ಜೀವಿಗೆ ೨೦ ಅಂಕಗಳನ್ನು ಕಳೆಯಲು ಏಳು ದಾಳಿಗಳು ಬೇಕು. ಜಿನ್ನನಿಗೆ ನಾಲ್ಕೇ ಸಾಕು. ಆ ನಾಲ್ಕು ಸರದಿಗಳಲ್ಲಿ ಒಡೆಯನು ಕಳೆದುಕೊಳ್ಳುವುದು ನಾಲ್ಕೇ ಅಂಕ. ಅಂದರೆ ನಾಲ್ಕು ಅಂಕಗಳನ್ನು ತೆತ್ತು ಮೂರು ಸರದಿಗಳಷ್ಟು ಕಾಲವನ್ನು ಕೊಂಡಂತಾಯಿತು. ಆದರೆ ಎದುರಾಳಿಯು ಜಿನ್ನನನ್ನು ತಡೆದು ನಿಲ್ಲಿಸಿದರೆ, ದಾಳಿ ನಿಂತರೂ ಪೆಟ್ಟು ನಿಲ್ಲುವುದಿಲ್ಲ. ಲೆಕ್ಕ ತಿರುಗಿ ಬೀಳುತ್ತದೆ. ಒಳ್ಳೆಯ ಕುಂದಿನ ಲಕ್ಷಣವೇ ಇದು: ಅದು ಸದಾ ಹಾನಿಯೂ ಅಲ್ಲ, ಸದಾ ನಗಣ್ಯವೂ ಅಲ್ಲ.

ಮೂರು ಬಗೆಯ ಆಟಗಾರರು

ಲೆಕ್ಕ ಎಲ್ಲರಿಗೂ ಒಂದೇ ಆದರೂ ಮನಸ್ಸು ಎಲ್ಲರಿಗೂ ಒಂದೇ ಅಲ್ಲ. ೧೯೯೫ರಲ್ಲಿ ಈ ಸಂಸ್ಥೆಯನ್ನು ಸೇರಿ, ೨೦೦೩ರಿಂದ ಆಟದ ಮುಖ್ಯ ವಿನ್ಯಾಸಕಾರರಾಗಿರುವ ಮಾರ್ಕ್ ರೋಸ್‌ವಾಟರ್ ಅವರು ೨೦೦೨ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಆಟಗಾರರನ್ನು ಅವರ ಆಡುವ ಉದ್ದೇಶಕ್ಕನುಗುಣವಾಗಿ ಮೂರು ಬಗೆಯಾಗಿ ವಿಂಗಡಿಸಿ ವಿವರಿಸಿದರು. ವಿನ್ಯಾಸಕಾರರ ಬಳಗದಲ್ಲಿ ಇವರಿಗೆ ಟಿಮ್ಮಿ, ಜಾನಿ, ಸ್ಪೈಕ್ ಎಂಬ ಕಲ್ಪಿತ ಹೆಸರುಗಳು.

ಟಿಮ್ಮಿಯು ಅನುಭವಕ್ಕಾಗಿ ಆಡುವವನು. ಬೃಹತ್ತಾದ ಜೀವಿ, ಬೆರಗುಗೊಳಿಸುವ ಮಂತ್ರ, ಗೆಳೆಯರು ಕೇಕೆ ಹಾಕುವಂತಹ ಒಂದು ಕ್ಷಣ ಅವನಿಗೆ ಬೇಕು. ಹತ್ತರಲ್ಲಿ ಒಂದೇ ಆಟವನ್ನು ಗೆದ್ದರೂ, ಆ ಗೆಲುವು ಮನಸ್ಸಿನಲ್ಲಿ ಉಳಿಯುವಂತಿದ್ದರೆ ಅವನು ತೃಪ್ತ. ಜಾನಿಯು ತನ್ನ ಜಾಣ್ಮೆಯನ್ನು ಪ್ರಕಟಿಸಲು ಆಡುವವನು. ಇತರರು ಕಡೆಗಣಿಸಿದ ಎಲೆಯನ್ನು ಹಿಡಿದು, ಅದಕ್ಕೊಂದು ಜೊತೆಯನ್ನು ಹುಡುಕಿ, ಯಾರೂ ಊಹಿಸದ ದಾರಿಯಲ್ಲಿ ಗೆಲ್ಲುವುದು ಅವನಿಗೆ ಪ್ರಿಯ. ಸ್ಪೈಕ್ ತನ್ನ ಸಾಮರ್ಥ್ಯವನ್ನು ಒರೆಗೆ ಹಚ್ಚಲು ಆಡುವವನು. ಎಲೆಯ ಅಂದಚೆಂದಗಳು ಅವನಿಗೆ ಮುಖ್ಯವಲ್ಲ, ಅದು ಗೆಲುವಿಗೆ ನೆರವಾಗುವುದೇ ಎಂಬುದೊಂದೇ ಪ್ರಶ್ನೆ. ಒಬ್ಬನೇ ಆಟಗಾರನಲ್ಲಿ ಈ ಮೂವರ ಅಂಶಗಳೂ ಬೆರೆತಿರಬಹುದೆಂಬುದನ್ನು ಮರೆಯಲಾಗದು.

ಈಗ ಒಂದೇ ಎಲೆಯನ್ನು ಈ ಮೂವರ ಮುಂದಿಟ್ಟು ನೋಡಬಹುದು. ೨೦೦೩ರಲ್ಲಿ ಬಂದ ‘ಲೆವೆಲರ್’ ಎಂಬ ಎಲೆಯು ಐದು ಶಕ್ತಿಗೆ ಹತ್ತು ಬಲ, ಹತ್ತು ತಾಳಿಕೆಯುಳ್ಳ ಯಂತ್ರವನ್ನು ಕೊಡುತ್ತದೆ. ಆದರೆ ಅದು ನೆಲಕ್ಕಿಳಿದೊಡನೆ ಒಡೆಯನ ಕಟ್ಟಿನಲ್ಲಿ ಉಳಿದ ಎಲೆಗಳೆಲ್ಲವೂ ಆಟದಿಂದ ಹೊರಬೀಳುತ್ತವೆ. ಹೊಸದಾಗಿ ಬಂದ ಜೀವಿಯು ಸಾಮಾನ್ಯವಾಗಿ ಮುಂದಿನ ಸರದಿಯವರೆಗೆ ದಾಳಿ ಮಾಡಲಾರದು. ಮುಂದಿನ ಸರದಿಯ ಆರಂಭದಲ್ಲಿಯೇ ಬರಿದಾದ ಕಟ್ಟಿನಿಂದ ಎಲೆ ಎಳೆಯಬೇಕಾಗಿ ಬಂದು ಒಡೆಯನೇ ಸೋಲುತ್ತಾನೆ. ಹತ್ತು ಬಲದ ಯಂತ್ರ ಒಂದು ಹೊಡೆತವನ್ನೂ ಹೊಡೆಯದೆ ನಿಂತಿರುತ್ತದೆ.

ಟಿಮ್ಮಿಗೆ ಇದು ಕ್ರೂರವಾದ ವಂಚನೆಯಾಗಿ ತೋರುತ್ತದೆ. ಹತ್ತು ಎಂಬ ಅಂಕೆಯನ್ನು ಕಂಡು ಹಿಗ್ಗಿದ ಅವನ ಕೈಯಿಂದ ಆ ಕ್ಷಣವನ್ನೇ ಕಸಿದುಕೊಂಡಂತಾಗುತ್ತದೆ. ಸ್ಪೈಕನು ಎಲೆಯನ್ನು ಒಮ್ಮೆ ಓದಿ ಬದಿಗಿಡುತ್ತಾನೆ. ಅವನಿಗೆ ಕೋಪವೂ ಇಲ್ಲ, ಆಸೆಯೂ ಇಲ್ಲ. ಜಾನಿಯ ಕಣ್ಣು ಮಾತ್ರ ಅರಳುತ್ತದೆ. ‘ಕಟ್ಟು ಬರಿದಾಗುವುದೇ ಲಾಭವಾಗುವ ಸನ್ನಿವೇಶ ಯಾವುದು?’ ಎಂದು ಅವನು ಹುಡುಕತೊಡಗುತ್ತಾನೆ. ೨೦೧೧ರಲ್ಲಿ ‘ಲ್ಯಾಬೊರೇಟರಿ ಮೇನಿಯಾಕ್’ ಎಂಬ ಎಲೆ ಬಂತು: ಬರಿದಾದ ಕಟ್ಟಿನಿಂದ ಎಲೆ ಎಳೆಯಬೇಕಾದಾಗ ಅದರ ಒಡೆಯನು ಸೋಲುವ ಬದಲು ಗೆಲ್ಲುತ್ತಾನೆ. ಎಂಟು ವರ್ಷಗಳ ಹಿಂದಿನ ಶಾಪ ಜಾನಿಯ ಕೈಯಲ್ಲಿ ವರವಾಯಿತು.

ಇದರಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ಕುಂದಿಗೆ ತನ್ನಷ್ಟಕ್ಕೆ ತಾನೇ ಇಂತಿಷ್ಟು ಅಪ್ರಿಯತೆ ಎಂಬುದಿಲ್ಲ. ಟಿಮ್ಮಿಗೆ ತನ್ನ ಹಿರಿದಾದ ಕ್ಷಣವನ್ನು ಕೆಡಿಸುವ ಕುಂದು ಅಪ್ರಿಯ. ಪಾತಾಳದ ಒಡೆಯನಿಗೆ ಬಲಿ ಕೊಡುವ ಕುಂದು ಕಥೆಯ ಅಂಗವಾದುದರಿಂದ ಅದು ಅವನಿಗೆ ಅಷ್ಟಾಗಿ ನೋಯದು. ಜಾನಿಗೆ ಯಾವ ಉಪಾಯಕ್ಕೂ ಎಡೆಗೊಡದ, ಎಲ್ಲ ಬಾಗಿಲುಗಳನ್ನೂ ಮುಚ್ಚಿದ ಕುಂದು ಅಪ್ರಿಯ. ಸ್ಪೈಕನಿಗೆ ಲೆಕ್ಕಕ್ಕೆ ಸಿಗದ, ಅದೃಷ್ಟವನ್ನೇ ನೆಚ್ಚಿದ ಕುಂದು ಅಪ್ರಿಯ. ಲೆಕ್ಕಕ್ಕೆ ಸಿಕ್ಕುವುದಾದರೆ ಎಷ್ಟೇ ಭಯಂಕರವಾದ ಹೊರೆಯನ್ನಾದರೂ ಅವನು ಹೊರಬಲ್ಲನು.

ನಷ್ಟದ ಭಯ

ಹೀಗಿದ್ದರೂ ಎಲ್ಲ ಮನುಷ್ಯರಿಗೂ ಸಮಾನವಾದ ಒಂದು ಅಳುಕು ಉಂಟು. ಡೇನಿಯಲ್ ಕಾನೆಮನ್ ಮತ್ತು ಆಮೊಸ್ ಟ್ವೆರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ೧೯೭೯ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಸಮಪ್ರಮಾಣದ ಲಾಭವು ಕೊಡುವ ಸಂತೋಷಕ್ಕಿಂತ ಅಷ್ಟೇ ಪ್ರಮಾಣದ ನಷ್ಟವು ಕೊಡುವ ನೋವು ಹೆಚ್ಚೆಂಬ ತತ್ತ್ವವನ್ನು ಮಂಡಿಸಿದರು. ಕಾರ್ಡಾಟದ ವಿನ್ಯಾಸಕಾರನು ಎದುರಿಸುವ ಕಷ್ಟ ಇದೇ. ಗಣಿತದ ತಕ್ಕಡಿಯಲ್ಲಿ ಲಾಭವೂ ಕುಂದೂ ಸರಿತೂಗಿದ್ದರೂ, ಓದುವವನ ಮನಸ್ಸಿನಲ್ಲಿ ಕುಂದಿನ ತಟ್ಟೆಯೇ ಕೆಳಗಿರುತ್ತದೆ.

೧೯೯೫ರ ‘ಐಸ್ ಏಜ್’ ಆವೃತ್ತಿಯಲ್ಲಿ ಬಂದ ‘ನೆಕ್ರೊಪೊಟೆನ್ಸ್’ ಎಂಬ ಎಲೆಯ ಚರಿತ್ರೆ ಇದಕ್ಕೆ ಸಾಕ್ಷಿ. ಮೂರು ಶಕ್ತಿಯ ಈ ಎಲೆಯನ್ನು ಪ್ರಯೋಗಿಸಿದವನು ಪ್ರತಿ ಸರದಿಯಲ್ಲಿ ಎಲೆ ಎಳೆಯುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಅದಕ್ಕೆ ಪ್ರತಿಯಾಗಿ, ಒಂದೊಂದು ಪ್ರಾಣಾಂಕವನ್ನು ತೆತ್ತಂತೆಲ್ಲ ಸರದಿಯ ಕೊನೆಯಲ್ಲಿ ಒಂದೊಂದು ಎಲೆ ಅವನ ಕೈ ಸೇರುತ್ತದೆ. ಎಳೆಯುವ ಹಕ್ಕು ಹೋಯಿತು, ಪ್ರಾಣವೂ ಹೋಯಿತು ಎಂದು ಹೊಸತರಲ್ಲಿ ಅನೇಕರು ಈ ಎಲೆಯನ್ನು ಕಡೆಗಣಿಸಿದರು. ಆದರೆ ಸ್ಪೈಕನ ದೃಷ್ಟಿಯುಳ್ಳವರು ಬೇರೊಂದು ಪ್ರಶ್ನೆಯನ್ನು ಕೇಳಿಕೊಂಡರು: ಇಪ್ಪತ್ತು ಅಂಕಗಳಲ್ಲಿ ಕೊನೆಯ ಒಂದನ್ನು ಉಳಿಸಿಕೊಂಡವನೂ ಸೋತವನಲ್ಲವಷ್ಟೆ, ಹಾಗಾದರೆ ಉಳಿದ ಹತ್ತೊಂಬತ್ತು ಅಂಕಗಳನ್ನು ಹಣದಂತೆ ವ್ಯಯಿಸಬಾರದೇಕೆ? ಸರದಿಗೊಂದು ಎಲೆ ಎಳೆಯುವ ಎದುರಾಳಿಯ ಮುಂದೆ, ಒಂದೇ ಸರದಿಯಲ್ಲಿ ಕೈತುಂಬ ಎಲೆಗಳನ್ನು ತುಂಬಿಕೊಳ್ಳುವವನು ಮುಂದಾಗದೆ ಇರುವನೆ? ೧೯೯೬ರ ಸ್ಪರ್ಧೆಗಳಲ್ಲಿ ಈ ಎಲೆಯದೇ ಮೇಲುಗೈ. ಪ್ರಾಣಾಂಕವೆಂದರೆ ಕಾಪಾಡಿಕೊಳ್ಳತಕ್ಕ ನಿಧಿಯಲ್ಲ, ಬಳಸತಕ್ಕ ಬಂಡವಾಳವೆಂಬ ಅರಿವು ಆಟಗಾರರಲ್ಲಿ ಬೇರೂರಿದ್ದು ಈ ಎಲೆಯಿಂದ. ಮುಂದೆ ಇದಕ್ಕೆ ಸ್ಪರ್ಧೆಗಳಲ್ಲಿ ನಿರ್ಬಂಧ ವಿಧಿಸಬೇಕಾಯಿತು.

ಲೆಕ್ಕ ತಪ್ಪಿದ ಕುಂದುಗಳು

ವಿನ್ಯಾಸಕಾರನ ಅಪಾಯ ಎರಡು ಕಡೆಗೂ ಇದೆ. ಕುಂದು ಅತಿಯಾದರೆ ಎಲೆಯನ್ನು ಯಾರೂ ಮುಟ್ಟುವುದಿಲ್ಲ. ಕುಂದನ್ನು ತಪ್ಪಿಸಿಕೊಳ್ಳುವ ದಾರಿ ದೊರೆತರೆ ಎಲೆಯು ಆಟವನ್ನೇ ಕೆಡಿಸುತ್ತದೆ. ಏಕೆಂದರೆ ಕುಂದನ್ನು ನಂಬಿ ಬೆಲೆಯನ್ನು ಇಳಿಸಲಾಗಿರುತ್ತದೆ. ಕುಂದು ಮಾಯವಾದರೆ ಉಳಿಯುವುದು ಅಗ್ಗದ ಬೆಲೆಯ ಅತಿಬಲ ಮಾತ್ರ.

೧೯೯೬ರ ‘ಫೈರೆಕ್ಸಿಯನ್ ಡ್ರೆಡ್‌ನಾಟ್’ ಎಂಬ ಎಲೆಗೆ ಬೆಲೆ ಒಂದೇ ಶಕ್ತಿ. ಬಲ ಹನ್ನೆರಡು, ತಾಳಿಕೆ ಹನ್ನೆರಡು. ಬಂದೊಡನೆ ಒಟ್ಟು ಹನ್ನೆರಡು ಬಲದ ಇತರ ಜೀವಿಗಳನ್ನು ಬಲಿಕೊಡದಿದ್ದರೆ ಇದನ್ನೇ ಬಲಿಕೊಡಬೇಕು. ೨೦೦೩ರಲ್ಲಿ ‘ಸ್ಟೈಫಲ್’ ಎಂಬ ಒಂದು ಶಕ್ತಿಯ ಮಂತ್ರ ಬಂದಿತು. ಎಲೆಗಳಿಂದ ಹೊಮ್ಮುವ ಇಂತಹ ಪರಿಣಾಮವೊಂದನ್ನು ಅದು ರದ್ದುಗೊಳಿಸುತ್ತದೆ. ಎರಡನ್ನೂ ಕೂಡಿಸಿದರೆ ಎರಡೇ ಶಕ್ತಿಗೆ ಹನ್ನೆರಡು ಬಲದ ಜೀವಿ!

ಮತ್ತೊಂದು ನಿದರ್ಶನ ಇನ್ನೂ ವಿಚಿತ್ರ. ೧೯೯೫ರ ‘ಇಲ್ಯೂಷನ್ಸ್ ಆಫ್ ಗ್ರ್ಯಾಂಜರ್’ ಬಂದಾಗ ಒಡೆಯನಿಗೆ ಇಪ್ಪತ್ತು ಪ್ರಾಣಾಂಕಗಳು ಬರುತ್ತವೆ. ಅದು ನೆಲವನ್ನು ಬಿಟ್ಟಾಗ ಇಪ್ಪತ್ತು ಅಂಕಗಳು ಹೋಗುತ್ತವೆ. ಅದನ್ನು ಉಳಿಸಿಕೊಳ್ಳಲು ಸರದಿಯಿಂದ ಸರದಿಗೆ ಏರುತ್ತ ಹೋಗುವ ಶಕ್ತಿಯನ್ನು ಸಲ್ಲಿಸಬೇಕು. ಸಾಲ ಕೊಟ್ಟು ಬಡ್ಡಿ ವಸೂಲು ಮಾಡುವ ಸಾಹುಕಾರನಂತಹ ಎಲೆ. ೧೯೯೯ರಲ್ಲಿ ‘ಡೊನೇಟ್’ ಎಂಬ ಮಂತ್ರ ಬಂತು. ತನ್ನ ಸ್ವತ್ತೊಂದನ್ನು ಬೇರೊಬ್ಬ ಆಟಗಾರನಿಗೆ ದಾನಕೊಡುವುದೇ ಅದರ ಪರಿಣಾಮ. ಇಪ್ಪತ್ತು ಅಂಕಗಳನ್ನು ತಾನು ಪಡೆದು, ಆ ಎಲೆಯನ್ನು ಎದುರಾಳಿಗೆ ದಾನ ಮಾಡಿದರೆ, ಏರುವ ಬಡ್ಡಿಯನ್ನು ತೆರಲಾರದೆ ಅವನು ಇಪ್ಪತ್ತು ಅಂಕಗಳನ್ನು ಕಳೆದುಕೊಳ್ಳುತ್ತಾನೆ. ಸಾಲದ ಹಣ ಒಬ್ಬನಿಗೆ, ಸಾಲದ ಹೊಣೆ ಇನ್ನೊಬ್ಬನಿಗೆ! ಜಾನಿಯ ಚಮತ್ಕಾರವಾಗಿ ಹುಟ್ಟಬಹುದಾಗಿದ್ದ ಈ ಜೋಡಿಯು ಸ್ಪೈಕನ ಆಯುಧವಾಗಿ ಸ್ಪರ್ಧೆಗಳಲ್ಲಿ ಮೆರೆಯಿತು.

೧೯೯೬ರದೇ ಆದ ‘ಲಯನ್ಸ್ ಐ ಡೈಮಂಡ್’ ಎಂಬುದರ ಕಥೆಯೂ ಹೀಗೆಯೇ. ಬೆಲೆಯಿಲ್ಲದ ಈ ಎಲೆಯನ್ನು ಬಲಿಕೊಟ್ಟರೆ ಮೂರು ಶಕ್ತಿ ದೊರೆಯುತ್ತದೆ. ಆದರೆ ಕೈಯಲ್ಲಿರುವ ಎಲೆಗಳನ್ನೆಲ್ಲ ಎಸೆಯಬೇಕು. ಪ್ರಯೋಗಿಸಲು ಎಲೆಯೇ ಇಲ್ಲದ ಮೇಲೆ ಶಕ್ತಿಯಿಂದೇನು ಫಲ ಎಂದು ತೋರುವುದು ಸಹಜ. ೨೦೦೧ರಲ್ಲಿ, ಎಸೆದ ಎಲೆಗಳ ರಾಶಿಯಿಂದಲೇ ಪ್ರಯೋಗಿಸಬಹುದಾದ ಮಂತ್ರಗಳು ಬಂದವು. ಅಲ್ಲಿಂದ ಮುಂದೆ ಎಸೆಯುವುದು ನಷ್ಟವೆಂಬ ಮಾತು ಪೂರ್ಣ ಸತ್ಯವಾಗಿ ಉಳಿಯಲಿಲ್ಲ. ಇಂದು ರಚಿಸಿದ ಕುಂದು ನಾಳೆ ಬರುವ ಎಲೆಗಳ ನಡುವೆಯೂ ಕುಂದಾಗಿ ಉಳಿಯುವುದೇ ಎಂದು ಯೋಚಿಸಬೇಕಾದುದು ವಿನ್ಯಾಸಕಾರನ ಹೊಣೆ.

ಕುಂದನ್ನು ರೂಪಿಸುವ ಬಗೆ

ಅನುಭವದಿಂದ ವಿನ್ಯಾಸಕಾರರು ಕಂಡುಕೊಂಡ ಕೆಲವು ಮಾರ್ಗಗಳು ಗಮನಾರ್ಹವಾಗಿವೆ. ಅವುಗಳಲ್ಲಿ ಮುಖ್ಯವಾದುದು, ದಂಡವನ್ನು ಆಯ್ಕೆಯನ್ನಾಗಿ ಮಾರ್ಪಡಿಸುವುದು.

೧೯೯೩ರ ಮೊದಲ ಆವೃತ್ತಿಗಳಲ್ಲಿ ಎರಡು ಬಣ್ಣಗಳ ಶಕ್ತಿಯನ್ನು ಕೊಡುವ ಭೂಮಿಗಳಿದ್ದವು. ಅವುಗಳಿಗೆ ಯಾವ ಕುಂದೂ ಇರಲಿಲ್ಲವಾದ ಕಾರಣ, ಒಂದೇ ಬಣ್ಣದ ಮೂಲ ಭೂಮಿಗಳನ್ನು ಅವು ಮೂಲೆಗೊತ್ತಿದವು. ಅದೇ ವರ್ಷದ ‘ಸಿಟಿ ಆಫ್ ಬ್ರಾಸ್’ ಎಂಬ ಭೂಮಿ ಯಾವ ಬಣ್ಣದ ಶಕ್ತಿಯನ್ನಾದರೂ ಕೊಡುತ್ತಿತ್ತು. ಆದರೆ ಬಳಸಿದಾಗಲೆಲ್ಲ ಒಡೆಯನಿಗೆ ಒಂದು ಅಂಕದ ಪೆಟ್ಟು. ೨೦೦೫ರ ‘ರ್‍ಯಾವ್ನಿಕಾ’ ಆವೃತ್ತಿಯಿಂದ ಮೊದಲ್ಗೊಂಡು ಬಂದ ಹತ್ತು ಭೂಮಿಗಳಲ್ಲಿ ಈ ಎರಡರ ನಡುವಣ ದಾರಿ ಕಾಣುತ್ತದೆ. ಎರಡು ಪ್ರಾಣಾಂಕಗಳನ್ನು ತೆತ್ತರೆ ಭೂಮಿಯನ್ನು ಕೂಡಲೇ ಬಳಸಬಹುದು. ತೆರಲು ಇಚ್ಛೆಯಿಲ್ಲದಿದ್ದರೆ ಒಂದು ಸರದಿ ಕಾಯಬೇಕು. ಆಟಗಾರನು ಎರಡರಲ್ಲಿ ಯಾವುದನ್ನೇ ಆರಿಸಿದರೂ, ಆರಿಸಿದವನು ತಾನೇ. ಹೇರಿದ ಹೊರೆಗಿಂತ ತಾನಾಗಿ ಎತ್ತಿಕೊಂಡ ಹೊರೆ ಹಗುರವೆನಿಸುವುದು ಮನುಷ್ಯಸ್ವಭಾವ.

ಎರಡನೆಯ ಮಾರ್ಗ, ಕುಂದನ್ನು ಎಲೆಯ ಸ್ವಭಾವದೊಡನೆ ಬೆಸೆಯುವುದು. ರಾಕ್ಷಸನು ಬಲಿ ಬೇಡುವುದನ್ನು ಯಾರೂ ಅನ್ಯಾಯವೆನ್ನುವುದಿಲ್ಲ. ಕಾರಣವಿಲ್ಲದೆ ಅಂಟಿಸಿದ ದಂಡವನ್ನು ಎಲ್ಲರೂ ದೂರುತ್ತಾರೆ. ಮೂರನೆಯದು, ಕುಂದನ್ನೇ ಗುರಿಯನ್ನಾಗಿಸುವುದು. ೨೦೧೦ರ ‘ಡೆತ್ಸ್ ಶ್ಯಾಡೋ’ ಎಂಬ ಎಲೆಗೆ ಒಂದು ಶಕ್ತಿಯ ಬೆಲೆಗೆ ಹದಿಮೂರು ಬಲ, ಹದಿಮೂರು ತಾಳಿಕೆ. ಆದರೆ ಒಡೆಯನಿಗಿರುವ ಪ್ರಾಣಾಂಕದಷ್ಟು ಇವೆರಡೂ ಕುಗ್ಗುತ್ತವೆ. ಇಪ್ಪತ್ತು ಅಂಕಗಳಿರುವವನ ಬಳಿ ಅದು ಹುಟ್ಟಿದೊಡನೆ ಸಾಯುತ್ತದೆ. ಐದೇ ಅಂಕಗಳುಳ್ಳವನ ಬಳಿ ಎಂಟು ಬಲದೊಡನೆ ನಿಲ್ಲುತ್ತದೆ. ಇಂತಹ ಕಟ್ಟಿನಲ್ಲಿ ಮೇಲೆ ಹೇಳಿದ ಭೂಮಿಗಳಿಗೆ ತೆರುವ ಎರಡೆರಡು ಅಂಕಗಳು ನಷ್ಟವಾಗದೆ ಮೆಟ್ಟಿಲಾಗುತ್ತವೆ. ಅಂಚಿನ ಮೇಲೆ ನಡೆಯುವ ರೋಮಾಂಚ ಟಿಮ್ಮಿಗೆ, ಕುಂದುಗಳನ್ನು ಪೋಣಿಸುವ ಸಂತೋಷ ಜಾನಿಗೆ, ಅಂಕಗಳನ್ನು ಅಳೆದು ತೂಗುವ ಕೆಲಸ ಸ್ಪೈಕನಿಗೆ. ಮೂವರಿಗೂ ಒಗ್ಗುವ ಕುಂದು ಅಪರೂಪ, ಇದು ಅಂಥವುಗಳಲ್ಲೊಂದು.

ಬದಲಾದ ಕಾಲ

ಈ ಎಲೆಗಳು ಮುಚ್ಚಿದ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಬಹುಕಾಲದವರೆಗೆ ಹದಿನೈದು ಎಲೆಗಳ ಪೊಟ್ಟಣದಲ್ಲಿ ಸಾಮಾನ್ಯವಾಗಿ ಅಪರೂಪದ ಎಲೆ ಒಂದೇ ಇರುತ್ತಿತ್ತು. ಕೈಖರ್ಚಿನ ಹಣವನ್ನು ಕೂಡಿಟ್ಟು ಪೊಟ್ಟಣ ಕೊಂಡ ಬಾಲಕನಿಗೆ ಆ ಒಂದು ಎಲೆಯೂ ಅವನನ್ನೇ ಸೋಲಿಸುವಂತಹುದಾಗಿ ಬಂದರೆ, ಅದರಲ್ಲಿ ಅಡಗಿದ ಜಾಣ್ಮೆಯನ್ನು ಮೆಚ್ಚುವ ತಾಳ್ಮೆ ಅವನಲ್ಲಿರಬೇಕೆಂದು ಅಪೇಕ್ಷಿಸುವುದು ಕಷ್ಟ. ಅನುಭವಿಗೆ ಒಗಟಾದುದು ಹೊಸಬನಿಗೆ ಮೋಸವಾಗಿ ಕಾಣುತ್ತದೆ.

ಈ ಕಾರಣಗಳಿಂದ ವರ್ಷಗಳು ಕಳೆದಂತೆ ಕುಂದುಳ್ಳ ಎಲೆಗಳ ರಚನೆ ವಿರಳವಾಗುತ್ತ ಬಂದಿತು. ಬಳಸದೆ ಉಳಿಸಿದ ಶಕ್ತಿಗೆ ಒಂದೊಂದು ಪ್ರಾಣಾಂಕವನ್ನು ದಂಡವಾಗಿ ತೆರಬೇಕೆಂದು ಆರಂಭದಿಂದಲೂ ಇದ್ದ ನಿಯಮವನ್ನು ೨೦೦೯ರಲ್ಲಿ ಕೈಬಿಡಲಾಯಿತು. ೨೦೧೮ರಲ್ಲಿ ಬಂದ ‘ಡೂಮ್ ವಿಸ್ಪರರ್’ ಎಂಬ ರಾಕ್ಷಸನನ್ನು ಪಾತಾಳದ ಒಡೆಯನೊಡನೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಲೆ ಐದೇ ಶಕ್ತಿ, ಆರು ಬಲ, ಆರು ತಾಳಿಕೆ, ಇದೂ ಹಾರಬಲ್ಲದು. ಬಲಿಯ ಬೇಡಿಕೆ ಇಲ್ಲ. ಎರಡು ಪ್ರಾಣಾಂಕಗಳನ್ನು ತೆತ್ತರೆ ಕಟ್ಟಿನ ಮೇಲಿನ ಎರಡು ಎಲೆಗಳನ್ನು ನೋಡಿ, ಬೇಡವಾದುದನ್ನು ತೆಗೆದುಹಾಕಬಹುದು. ತೆರುವುದೂ ಬಿಡುವುದೂ ಒಡೆಯನ ಇಚ್ಛೆ. ೧೯೯೩ರ ರಾಕ್ಷಸನು ಒಡೆಯನನ್ನು ಆಳುತ್ತಿದ್ದನು. ೨೦೧೮ರ ರಾಕ್ಷಸನು ಒಡೆಯನ ಅಪ್ಪಣೆಯನ್ನು ಕಾಯುತ್ತಾನೆ.

ಇದರಿಂದ ಲಾಭವಾಗದೆ ಇಲ್ಲ. ಹೊಸಬರಿಗೆ ಆಟ ಸುಗಮವಾಯಿತು, ನಿರಾಸೆ ಕಡಿಮೆಯಾಯಿತು. ಆದರೆ ನಷ್ಟವೂ ಉಂಟು. ಮೇಲ್ನೋಟಕ್ಕೆ ಹಾನಿಕರವಾಗಿ ಕಾಣುವುದನ್ನು ಅಳೆದು ನೋಡುವ ಅಭ್ಯಾಸ, ಭಯವನ್ನು ಲೆಕ್ಕದಿಂದ ಗೆಲ್ಲುವ ಧೈರ್ಯ, ಇತರರು ಎಸೆದುದರಲ್ಲಿ ಬೆಲೆಯನ್ನು ಕಾಣುವ ಕಣ್ಣು ಇವೆಲ್ಲವೂ ಹೊರೆಯುಳ್ಳ ಎಲೆಗಳಿಂದಲೇ ಬೆಳೆದವು. ಹೊರೆಯೆಲ್ಲವನ್ನೂ ಇಳಿಸಿಬಿಟ್ಟ ಆಟದಲ್ಲಿ ನೆಕ್ರೊಪೊಟೆನ್ಸಿನಂತಹ ಪಾಠ ಮತ್ತೆ ದೊರೆಯುವ ಸಂಭವ ಕಡಿಮೆ. ಅದೇ ವೇಳೆಗೆ, ಎಲ್ಲರನ್ನೂ ಹೆದರಿಸಿ ಓಡಿಸುವ ಪಾಠದಿಂದ ಯಾರಿಗೂ ಪ್ರಯೋಜನವಿಲ್ಲವೆಂಬುದೂ ಅಷ್ಟೇ ನಿಜ.

ಉಪಸಂಹಾರ

ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುವ ಅಧ್ಯಾಪಕರಿಗೆ ಈ ಇಕ್ಕಟ್ಟು ಅಪರಿಚಿತವಲ್ಲ. ಒಂದೇ ಕಠಿಣ ಪ್ರಶ್ನೆಯು ಒಬ್ಬ ವಿದ್ಯಾರ್ಥಿಯನ್ನು ಎದೆಗುಂದಿಸುತ್ತದೆ, ಒಬ್ಬನನ್ನು ಕೆಣಕುತ್ತದೆ, ಮತ್ತೊಬ್ಬನು ಅಂಕಗಳನ್ನು ಎಣಿಸಿ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ. ಗಣಿತದ ಅಧ್ಯಾಪಕರೊಬ್ಬರು ರಚಿಸಿದ ಆಟವು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿದುದಕ್ಕೆ ಅದರ ನಿಯಮಗಳ ಸೊಗಸು ಎಷ್ಟು ಕಾರಣವೋ, ಆ ನಿಯಮಗಳು ಯಾರ ಮೇಲೆ ಯಾವ ಪರಿಣಾಮ ಬೀರುತ್ತವೆ ಎಂಬುದನ್ನು ಅದರ ಪಾಲಕರು ಮತ್ತೆ ಮತ್ತೆ ವಿಚಾರಿಸಿ ನೋಡಿದುದೂ ಅಷ್ಟೇ ಕಾರಣ. ಹೊರೆಯನ್ನು ಇಡುವುದು ತಪ್ಪಲ್ಲ. ಹೊರುವವನು ಯಾರೆಂದು ತಿಳಿದು, ಅದರ ತೂಕವನ್ನು ಮುಚ್ಚಿಡದೆ ತಿಳಿಸಿ, ಹೊತ್ತವನಿಗೆ ತಕ್ಕ ಫಲ ದೊರೆಯುವಂತೆ ಇಡಬೇಕು. ಕಾರ್ಡಿನ ಎಲೆಯೊಂದನ್ನು ಬರೆಯುವವನಿಗೂ ಅದಕ್ಕಿಂತ ಹಿರಿದಾದ ನಿಯಮಗಳನ್ನು ಬರೆಯುವವರಿಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ.